ಪಂಚಾಯಿತಿಯಲ್ಲಿ ಹವಾಮಾನದ ಕೆಲಸ: ಮುಂದೆ ನಿಲ್ಲೋದು ಯಾರು, ಶುರು ಎಲ್ಲಿಂದ?

ಬಯಲುಸೀಮೆಯವಳು

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಸದಸ್ಯೆ. ನಿಮ್ಮ ಸಲಹೆ ಬೇಕಾಗಿದೆ.

2022ರಲ್ಲಿ ನಮ್ಮ ಕಡೆ ಕೆರೆಗಳೆಲ್ಲ ಕೋಡಿ ಬಿದ್ದವು. ಮರುವರ್ಷವೇ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಆ ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರು ಹೆಂಗಸರು, ಮಕ್ಕಳು. ಮಳೆ ಬಂದರೂ ಕಷ್ಟ, ಬರದಿದ್ದರೂ ಕಷ್ಟ.

ಗ್ರಾಮ ಸಭೆಯಲ್ಲಿ ಈ ಮಾತು ಎತ್ತಿದೆ. "ಹವಾಮಾನ ಎಲ್ಲ ದಿಲ್ಲಿಯವರು ನೋಡ್ಕೋತಾರೆ, ನಾವು ಪರಿಸರ ದಿನಕ್ಕೆ ಸಸಿ ನೆಡೋಣ" ಅಂದರು. ನೆಟ್ಟ ಸಸಿಗೆ ಮಾರ್ಚ್‌ನಲ್ಲಿ ನೀರು ಹಾಕೋದು ಯಾರು ಅಂತ ಯಾರೂ ಕೇಳಲಿಲ್ಲ.

ಪಂಚಾಯಿತಿ ಮಟ್ಟದಲ್ಲಿ ಇದಕ್ಕೆ ಮುಂದೆ ನಿಲ್ಲಬೇಕಾದವರು ಯಾರು? ಅಧ್ಯಕ್ಷರಾ, ಪಿಡಿಒನಾ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಸಮಿತಿಯಾ? ಕೈಯಲ್ಲಿ ದುಡ್ಡಿಲ್ಲದ ಪಂಚಾಯಿತಿ ಯಾವುದನ್ನು ಮೊದಲು ಹಿಡಿಯಬೇಕು? ಸುಮ್ನೆ ಫಲಕ ಹಾಕಿ ಫೋಟೋ ತೆಗೆಸಿಕೊಳ್ಳುವ ಕೆಲಸ ನನಗೆ ಬೇಡ.

ಪಂಪ್‌ಹೌಸ್

ಕುಡಿಯುವ ನೀರಿನ ಕೆಲಸದಲ್ಲೇ ನೌಕರಿ ಮುಗಿಸಿದವನು ನಾನು. ನನ್ನ ಉತ್ತರ ಒಂದೇ: ಕರೆಂಟ್ ಬಿಲ್ಲಿನಿಂದ ಶುರು ಮಾಡಿ.

ಪಂಚಾಯಿತಿಗೆ ಬರುವ ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಪಾಲು ಎರಡೇ ಬಾಬ್ತಿನದು. ಕುಡಿಯುವ ನೀರಿನ ಪಂಪು, ಬೀದಿದೀಪ. ಪ್ರತಿ ಮೀಟರಿಗೂ ಒಂದು ಆರ್‌ಆರ್ ನಂಬರ್ ಇರುತ್ತದೆ. ಎಷ್ಟೋ ಕಡೆ ಯಾವ ನಂಬರ್ ಯಾವ ಬೋರ್‌ವೆಲ್ಲಿನದು ಅನ್ನುವ ಪಟ್ಟಿಯೇ ಇರೋದಿಲ್ಲ. ಬತ್ತಿಹೋದ ಬೋರಿಗೂ ನಿಗದಿತ ಶುಲ್ಕ ಕಟ್ಟುತ್ತಲೇ ಇರುತ್ತಾರೆ. ಮೊದಲು ವಾಟರ್‌ಮನ್ ಜೊತೆ ಒಂದು ಸುತ್ತು ಹೋಗಿ ಆ ಪಟ್ಟಿ ಮಾಡಿ.

ಈಗ ಲೆಕ್ಕ ನೋಡಿ. 70 ವಾಟ್‌ನ ಹಳೇ ಸೋಡಿಯಂ ದೀಪ, ಚೋಕ್ ಸೇರಿ ಸುಮಾರು 85 ವಾಟ್ ಎಳೆಯುತ್ತದೆ. ಇಂಥ 100 ದೀಪ ದಿನಾ ರಾತ್ರಿ 11 ಗಂಟೆಗಳ ಕಾಲ ಉರಿದರೆ ತಿಂಗಳಿಗೆ 2,800 ಯೂನಿಟ್. ಅದೇ ಜಾಗಕ್ಕೆ 24 ವಾಟ್‌ನ ಎಲ್‌ಇಡಿ ಹಾಕಿದರೆ 800 ಯೂನಿಟ್‌ಗಿಂತ ಕಡಿಮೆ. ತಿಂಗಳಿಗೆ 2,000 ಯೂನಿಟ್ ಉಳಿತಾಯ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಇದೆ. ವರ್ಷಕ್ಕೆ ಹತ್ತಿರಹತ್ತಿರ 17 ಟನ್ ಆಯಿತು. ನೂರು ದೀಪದಿಂದ ಇಷ್ಟು.

ಕೆಲವು ಊರಲ್ಲಿ ಬೀದಿದೀಪ ಹಗಲೂ ಉರಿಯುತ್ತವೆ. ಬೀದಿದೀಪಕ್ಕೆ ಬೇರೆ ತಂತಿ ಎಳೆಯದೆ ನೇರವಾಗಿ ಫೇಸ್‌ಗೆ ಕೊಟ್ಟಿರುತ್ತಾರೆ, ಆರಿಸೋಕೆ ಸ್ವಿಚ್ಚೇ ಇಲ್ಲ. ಅಲ್ಲಿ ಎಲ್‌ಇಡಿಗಿಂತ ಮೊದಲು ಆಗಬೇಕಾದ್ದು ಸ್ವಿಚ್ ತಂತಿ ಮತ್ತು ಟೈಮರ್.

ನೀರಿನ ಲೆಕ್ಕ ಇನ್ನೂ ದೊಡ್ಡದು. 150 ಮೀಟರ್, ಅಂದರೆ 500 ಅಡಿ ಆಳದಿಂದ 1,000 ಲೀಟರ್ ನೀರು ಎತ್ತೋಕೆ ಲೆಕ್ಕದ ಪ್ರಕಾರ 0.41 ಯೂನಿಟ್ ಸಾಕು. ಹಳೇ ಪಂಪು, ತುಕ್ಕು ಹಿಡಿದ ಪೈಪು, ಪದೇ ಪದೇ ಸುಟ್ಟು ರಿವೈಂಡ್ ಮಾಡಿಸಿದ ಮೋಟಾರು ಇದ್ದರೆ ಅದು ಒಂದು ಯೂನಿಟ್ ಹತ್ತಿರ ಹೋಗುತ್ತದೆ. ದಿನಕ್ಕೆ 2 ಲಕ್ಷ ಲೀಟರ್ ಎತ್ತುವ ಪಂಚಾಯಿತಿಗೆ ತಿಂಗಳಿಗೆ 6,000 ಯೂನಿಟ್ ಆಯಿತು. ಅದರಲ್ಲಿ ಮೂರನೇ ಒಂದು ಭಾಗ ದಾರಿಯಲ್ಲೇ ಸೋರಿದರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಇನ್ನೊಂದು ಮಾತು. ನೀರಿನ ಮಟ್ಟ 500 ಅಡಿಯಿಂದ 1,000 ಅಡಿಗೆ ಇಳಿದರೆ ಅಷ್ಟೇ ನೀರಿಗೆ ಎರಡು ಪಟ್ಟು ಕರೆಂಟ್ ಬೇಕು. ಅದಕ್ಕೇ ಕೆರೆಯ ಹೂಳು, ಪೋಷಕ ಕಾಲುವೆ, ಕರೆಂಟ್ ಬಿಲ್ಲು ಮೂರೂ ಒಂದೇ ಕಡತದಲ್ಲಿ ಇರಬೇಕು ಅಂತ ನಾನು ಸರ್ವಿಸ್‌ನಲ್ಲಿ ಇದ್ದಾಗಿನಿಂದ ಹೇಳುತ್ತಾ ಬಂದಿದ್ದೇನೆ.

ಎರೆಹೊಲ

ಮೇಲಿನವರ ಲೆಕ್ಕ ಸರಿ ಇದೆ. ಆದರೆ ಒಂದು ಪ್ರಶ್ನೆ ಇದೆ, ತಪ್ಪು ತಿಳಿಯಬೇಡಿ. ಹೊಗೆ ಉಗುಳಿದ್ದು ಯಾರೋ, ಲೆಕ್ಕ ಕೊಡಬೇಕಾದ್ದು ನಮ್ಮ ಊರಿನ ಬೀದಿದೀಪವಾ? ನಾನು ಗದಗದ ಕಡೆ ರೈತ. ನಮ್ಮ ಊರಿನ ಬಹಳಷ್ಟು ಮನೆಗಳಲ್ಲಿ ಎರಡು ಬಲ್ಬು, ಒಂದು ಫ್ಯಾನು ಅಷ್ಟೇ. 17 ಟನ್ ಉಳಿಸಿದರೆ ನಮ್ಮ ಹೊಲಕ್ಕೆ ಹದವಾಗಿ ಮಳೆ ಬರುತ್ತಾ? ಇಲ್ಲ. ಹಾಗಿರುವಾಗ ಪಂಚಾಯಿತಿ ತನ್ನ ಶಕ್ತಿಯನ್ನೆಲ್ಲ ಇದಕ್ಕೆ ಯಾಕೆ ಹಾಕಬೇಕು?

ಕಲಬುರಗಿ ಬಿಸಿಲು

ಎರೆಹೊಲ ಅವರೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಹೊಗೆ ಕಡಿಮೆ ಮಾಡೋದು ಅರ್ಧ ಕೆಲಸ. ಇನ್ನರ್ಧ, ಜನ ಸಾಯದ ಹಾಗೆ ನೋಡಿಕೊಳ್ಳೋದು. ಆ ಅರ್ಧವನ್ನು ದಿಲ್ಲಿಯೂ ಮಾಡೋಕಾಗಲ್ಲ, ಅಮೆರಿಕವೂ ಮಾಡೋಕಾಗಲ್ಲ. ಸ್ಥಳೀಯ ಆಡಳಿತವೇ ಮಾಡಬೇಕು.

ಅಹಮದಾಬಾದ್‌ನಲ್ಲಿ 2010ರ ಮೇ ತಿಂಗಳು ಬಿಸಿಗಾಳಿ ಬೀಸಿತು. ಆ ಒಂದು ತಿಂಗಳಲ್ಲಿ ಮಾಮೂಲಿಗಿಂತ 1,344 ಸಾವು ಜಾಸ್ತಿ ಆಗಿತ್ತು ಅಂತ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಆಗ ಅದನ್ನು ಯಾರೂ ಬಿಸಿಲಿನ ಸಾವು ಅಂತ ಬರೆದುಕೊಂಡಿರಲಿಲ್ಲ. ಪಾಲಿಕೆ ಎಚ್ಚೆತ್ತು 2013ರಲ್ಲಿ ಬಿಸಿಲಿನ ಕ್ರಿಯಾ ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. 45 ಡಿಗ್ರಿ ಮುಟ್ಟುತ್ತದೆ ಅಂತ ಮುನ್ಸೂಚನೆ ಬಂದರೆ ರೆಡ್ ಅಲರ್ಟ್. ಯಾರು ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಯಲ್ಲಿ ಏನು ರೆಡಿ ಇರಬೇಕು, ನೀರಿನ ಅರವಟಿಗೆ ಎಲ್ಲಿ ಇಡಬೇಕು, ಎಲ್ಲವೂ ಮೊದಲೇ ತೀರ್ಮಾನ ಆಗಿರುತ್ತದೆ. ಎಲ್ಲರ ಕೆಲಸ ಹೊಂದಿಸೋಕೆ ಒಬ್ಬ ನೋಡಲ್ ಅಧಿಕಾರಿ ಇರುತ್ತಾರೆ.

ಅಲ್ಲಿಯ ಶಾರದಾಬೆನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಘಟಕ ಮೇಲ್ಮಹಡಿಯಲ್ಲಿತ್ತು. ಸೂರು ಕಾದು ಕೂಸುಗಳಿಗೆ ಬಿಸಿಲಿನ ತೊಂದರೆ ಆಗುತ್ತಿತ್ತು. ಘಟಕವನ್ನು ಕೆಳ ಅಂತಸ್ತಿಗೆ ಇಳಿಸಿದರು. ಬಿಸಿಲಿಗೆ ಕಾಯಿಲೆ ಬೀಳುವ ಕೂಸುಗಳ ಸಂಖ್ಯೆ ಇಳಿಯಿತು. ಇದನ್ನು ಓದಿದ ಮೇಲೆ ನಾನು ನಮ್ಮ ಊರಿನ ಅಂಗನವಾಡಿಗೆ ಹೋಗಿ ತಲೆ ಎತ್ತಿ ನೋಡಿದೆ. ತಗಡಿನ ಶೀಟು. ಮಧ್ಯಾಹ್ನ ಒಳಗೆ ನಿಲ್ಲೋಕಾಗಲ್ಲ, ಮಕ್ಕಳು ಅಲ್ಲೇ ಮಲಗುತ್ತಾರೆ.

ನಮ್ಮ ವಿಭಾಗದಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ 1.30ಕ್ಕೆ ಬದಲಾಗುತ್ತದೆ. ಒಳ್ಳೆಯದೇ. ಆದರೆ ತೊಗರಿ ಗೋದಾಮಿನಲ್ಲಿ ಮೂಟೆ ಹೊರುವವರಿಗೆ, ಕಲ್ಲುಗಣಿಯವರಿಗೆ, ಕಸ ಎತ್ತುವ ಪೌರ ಕಾರ್ಮಿಕರಿಗೆ ಯಾವ ಸಮಯ? ಆ ಪಟ್ಟಿ ಮಾಡೋಕೆ ಪಂಚಾಯಿತಿ, ಪುರಸಭೆಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಎರೆಹೊಲ

ಈ ಮಾತು ಒಪ್ಪಿದೆ. ಜನರನ್ನು ಉಳಿಸುವ ಕೆಲಸ ಅಂತ ಶುರು ಮಾಡಿದರೆ ಗ್ರಾಮ ಸಭೆಯಲ್ಲೂ ಯಾರೂ ಬೇಡ ಅನ್ನಲ್ಲ.

ಖಾತೆ ಕಿರ್ದಿ

ನಾನು ಪಂಚಾಯಿತಿ ಲೆಕ್ಕಪತ್ರದ ಕೆಲಸದಲ್ಲಿ ಇರುವವಳು. ಮುಂದೆ ನಿಲ್ಲೋದು ಯಾರು ಅನ್ನೋದಕ್ಕೆ ನನ್ನ ಉತ್ತರ ಸ್ವಲ್ಪ ಬೇರೆ. ದುಡ್ಡಿನ ತೀರ್ಮಾನ ಮಾಡುವವರು ಮುಂದೆ ನಿಲ್ಲಬೇಕು. ಪರಿಸರದ ಬಗ್ಗೆ ಪ್ರೀತಿ ಇರುವ ಒಬ್ಬ ಸದಸ್ಯರ ಹೆಗಲಿಗೆ ಹಾಕಿಬಿಟ್ಟರೆ, ಅವರ ಅವಧಿ ಮುಗಿದ ದಿನ ಕೆಲಸವೂ ಮುಗಿಯುತ್ತದೆ.

ನಾರ್ವೆಯ ಓಸ್ಲೋ ನಗರ 2017ನೇ ಸಾಲಿಗೆ ಮೊದಲ ಹವಾಮಾನ ಬಜೆಟ್ ಮಾಡಿತು. ಅದನ್ನು ನಗರದ ಮಾಮೂಲಿ ಬಜೆಟ್‌ನ ಒಳಗೇ ಸೇರಿಸಿದರು, ಹಣಕಾಸು ವಿಭಾಗವೇ ಅದರ ಹೊಣೆ ಹೊತ್ತಿತು. ಯಾವ ಇಲಾಖೆ, ಯಾವ ಕೆಲಸ, ಎಷ್ಟು ಹೊಗೆ ಕಡಿಮೆ, ಖರ್ಚು ಎಷ್ಟು, ಎಲ್ಲ ಒಂದೇ ಪಟ್ಟಿಯಲ್ಲಿ. ಮುಂಬೈ ಪಾಲಿಕೆ 2022ರ ಮಾರ್ಚ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆ ತಂದಿತ್ತು. 2024ರಲ್ಲಿ ಅವರೂ ಹವಾಮಾನ ಬಜೆಟ್ ಮಂಡಿಸಿದರು. ನಮ್ಮ ಪಂಚಾಯಿತಿ ಬಜೆಟ್‌ಗೆ ಅಷ್ಟೆಲ್ಲ ಬೇಡ. ಪ್ರತಿ ಕಾಮಗಾರಿಯ ಮುಂದೆ ಒಂದೇ ಒಂದು ಕಾಲಂ ಸೇರಿಸಿ: ಇದರಿಂದ ನೀರು, ಕರೆಂಟು, ನೆರಳು, ಕಸ, ಈ ನಾಲ್ಕರಲ್ಲಿ ಯಾವುದಕ್ಕೆ ಒಳ್ಳೆಯದು, ಯಾವುದಕ್ಕೆ ಕೆಟ್ಟದ್ದು? ಸಿಸಿ ರಸ್ತೆಯ ಮುಂದೆ ಆ ಕಾಲಂ ತುಂಬೋಕೆ ಕೂತಾಗ ಚರ್ಚೆ ತಾನಾಗಿ ಶುರುವಾಗುತ್ತದೆ.

ದುಡ್ಡು ಇಲ್ಲವೇ ಇಲ್ಲ ಅನ್ನೋದೂ ಪೂರ್ತಿ ಸರಿ ಅಲ್ಲ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಮಳೆನೀರು ಕೊಯ್ಲು, ಬೂದುನೀರು (ಸ್ನಾನ, ಪಾತ್ರೆ ತೊಳೆದ ನೀರು) ಇಂಗಿಸೋದು, ಕಸ ವಿಲೇವಾರಿ, ಎಲ್ಲ ಅದರೊಳಗೇ ಬರುತ್ತಿದ್ದವು. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಒಂಬತ್ತು ವಿಷಯಗಳಲ್ಲಿ ಸ್ವಚ್ಛ ಹಸಿರು ಗ್ರಾಮವೂ ಇದೆ, ನೀರು ಸಮೃದ್ಧ ಗ್ರಾಮವೂ ಇದೆ. ಹೊಸ ಯೋಜನೆಗೆ ಕಾಯಬೇಕಾಗಿಲ್ಲ. ಇರುವ ಬಾಬ್ತಿನಲ್ಲೇ ಕೆಲಸ ಹುಟ್ಟಿಸಬಹುದು.

ಜಯನಗರ 4ನೇ ಬ್ಲಾಕ್

ನಗರದ ಕಥೆಯನ್ನೂ ಕೇಳಿ. ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆ ಹೊರಬಂದಿದ್ದು 2023ರ ನವೆಂಬರ್‌ನಲ್ಲಿ. 2050ಕ್ಕೆ ನಿವ್ವಳ ಶೂನ್ಯ, ಅಂದರೆ ಬಿಡುವಷ್ಟು ಇಂಗಾಲವನ್ನು ಹೀರಿಸಿ ಸರಿದೂಗಿಸೋದು, ಅನ್ನೋ ಗುರಿ. ಓದಿ ನೋಡಿದ್ದೇನೆ, ಚೆನ್ನಾಗಿದೆ. ಆದರೆ ಆಗ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. 2020ರ ಸೆಪ್ಟೆಂಬರ್‌ಗೇ ಅವಧಿ ಮುಗಿದಿತ್ತು. ನಮ್ಮ ವಾರ್ಡಿನ ರಾಜಕಾಲುವೆ ಬಗ್ಗೆ ಯೋಜನೆ ಏನು ಹೇಳುತ್ತದೆ ಅಂತ ಕೇಳೋಕೆ ಕಾರ್ಪೊರೇಟರ್ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ತತ್ವಾರ ಬಂದಾಗ ಸರ್ಕಾರ ಕೊಟ್ಟ ಲೆಕ್ಕ, 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆ ಬಂದವು. ಕೆರೆಯ ನೀರು ಪಾಲಿಕೆಗಳ ಗಡಿ ನೋಡಿ ಹರಿಯೋದಿಲ್ಲ. ಒಂದು ಯೋಜನೆಯನ್ನು ಐದು ಮನೆಯವರು ಹೇಗೆ ಹಂಚಿಕೊಳ್ಳುತ್ತಾರೆ ಅನ್ನೋದು ನನಗೆ ನಿಜಕ್ಕೂ ಆತಂಕದ ವಿಷಯ.

ಬಯಲುಸೀಮೆಯವಳೇ, ನಿಮ್ಮಲ್ಲಿ ಒಂದು ದೊಡ್ಡ ಆಸ್ತಿ ಇದೆ, ಗ್ರಾಮ ಸಭೆ. ಎದುರು ಕೂತು ಪ್ರಶ್ನೆ ಕೇಳುವ ಜನ ಇದ್ದಾರೆ. ನಮಗೆ ವರ್ಷಗಟ್ಟಲೆ ಅದೇ ಇರಲಿಲ್ಲ.

ಸೋಲಾರ್ ಬೇಕು

ಪಂಪ್‌ಹೌಸ್ ಸರ್, ಎಲ್‌ಇಡಿ ಯಾಕೆ, ನೇರವಾಗಿ ಸೋಲಾರ್ ಬೀದಿದೀಪ ಹಾಕಿದರೆ ಬಿಲ್ಲೇ ಇರಲ್ಲ ಅಲ್ವಾ?

ಪಂಪ್‌ಹೌಸ್

ಕಂಬಕ್ಕೊಂದು ಬ್ಯಾಟರಿ ಇರುವ ಸೋಲಾರ್ ದೀಪಕ್ಕೆ ನಾನು ಬೇಡ ಅಂತಲೇ ಹೇಳೋದು. ಕೆಲವೇ ವರ್ಷಕ್ಕೆ ಬ್ಯಾಟರಿ ಸಾಯುತ್ತದೆ, ಇಲ್ಲ ಕಳುವಾಗುತ್ತದೆ. ಬದಲಿ ಬ್ಯಾಟರಿಗೆ ಬಜೆಟ್‌ನಲ್ಲಿ ಬಾಬ್ತು ಇರಲ್ಲ. ಕತ್ತಲ ಕಂಬ ಮಾತ್ರ ಉಳಿಯುತ್ತದೆ. ಕರೆಂಟ್ ಲೈನೇ ಇಲ್ಲದ ತೋಟದ ಮನೆ, ಹಾಡಿ, ತಾಂಡಾ ಆದರೆ ಸರಿ. ಊರೊಳಗೆ ಗ್ರಿಡ್‌ನ ಎಲ್‌ಇಡಿ ಸಾಕು. ಸೋಲಾರ್ ಹಾಕೋದಾದರೆ ಪಂಚಾಯಿತಿ ಕಟ್ಟಡ, ಶಾಲೆಯ ಸೂರಿನ ಮೇಲೆ ಹಾಕಿ ಗ್ರಿಡ್‌ಗೆ ಕೊಡಿ. ಬ್ಯಾಟರಿಯ ರಗಳೆ ಇಲ್ಲ, ನೋಡಿಕೊಳ್ಳೋದೂ ಸುಲಭ.

ದೊಡ್ಡದಾಗಿ ಯೋಚಿಸಬೇಕು ಅನ್ನೋರಿಗೆ ಎರಡು ಉದಾಹರಣೆ. ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯಿತಿ 2006ರಲ್ಲಿ ಬ್ಯಾಂಕ್ ಸಾಲವನ್ನೂ ಸೇರಿಸಿ 350 ಕಿಲೋವಾಟ್‌ನ ಗಾಳಿಯಂತ್ರ ಕೊಂಡುಕೊಂಡಿತು. ತನಗೆ ಬೇಕಾದ ಕರೆಂಟು ಮುಗಿದು ಉಳಿದದ್ದನ್ನು ವಿದ್ಯುತ್ ಮಂಡಳಿಗೆ ಮಾರುತ್ತದೆ. ಇಂದೋರ್ ಪಾಲಿಕೆಗೆ ನರ್ಮದೆಯ ನೀರನ್ನು ಜಲೂದ್‌ನಿಂದ ಎತ್ತಿ ತರುವ ಕರೆಂಟ್ ಖರ್ಚೇ ದೊಡ್ಡ ಹೊರೆ. 2023ರ ಫೆಬ್ರುವರಿಯಲ್ಲಿ ಅವರು 60 ಮೆಗಾವಾಟ್ ಸೋಲಾರ್ ಘಟಕಕ್ಕೆ ಅಂತ 244 ಕೋಟಿ ರೂಪಾಯಿಯ ಹಸಿರು ಬಾಂಡ್ (ಪರಿಸರದ ಕೆಲಸಕ್ಕೆ ಸಾಲ ಎತ್ತುವ ಪತ್ರ) ಹೊರಡಿಸಿದರು, ಸಾಮಾನ್ಯ ಜನರೂ ದುಡ್ಡು ಹಾಕಿದರು. ಎರಡೂ ಕಡೆ ಶುರುವಾಗಿದ್ದು ಬಿಲ್ಲಿನಿಂದಲೇ ನೋಡಿ.

ಗುಂಡ್ಲುಪೇಟೆ ಗಡಿ

ನಮ್ಮ ಗಡಿ ದಾಟಿದರೆ ವಯನಾಡಿನ ಮೀನಂಗಾಡಿ ಪಂಚಾಯಿತಿ. 2016ರಲ್ಲಿ ಇಂಗಾಲ ಸಮತೋಲನದ ಗುರಿ ಇಟ್ಟುಕೊಂಡರು. ಮೊದಲು ಮಾಡಿದ ಕೆಲಸವೇ ಲೆಕ್ಕ. ವಾಹನ, ಅಡುಗೆ, ಕರೆಂಟು, ಗದ್ದೆ, ದನ ಎಲ್ಲ ಸೇರಿ ಊರು ಎಷ್ಟು ಹೊಗೆ ಬಿಡುತ್ತದೆ, ಮರ ಮತ್ತು ಮಣ್ಣು ಎಷ್ಟು ಹೀರಿಕೊಳ್ಳುತ್ತವೆ ಅಂತ ಅಳೆದರು. ಸುಮಾರು 11,000 ಟನ್ ಜಾಸ್ತಿ ಬಿಡುತ್ತಿದ್ದೇವೆ ಅಂತ ಗೊತ್ತಾಯಿತು.

ನನಗೆ ಇಷ್ಟವಾಗಿದ್ದು ಅವರ ಮರ ಬ್ಯಾಂಕ್. ರೈತ ತನ್ನ ಜಮೀನಿನ ಮರವನ್ನು ಅಡವಿಟ್ಟರೆ ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿ ಇಲ್ಲದ ಸಾಲ. ಮರ ಕಡಿದರೆ ವಾಪಸ್ ಕಟ್ಟಬೇಕು. ದುಡ್ಡು ಸಣ್ಣದು ಇರಬಹುದು. ಆದರೆ ಸಸಿ ನೆಟ್ಟ ದಿನಕ್ಕೆ ಸಿಗುವ ಚಪ್ಪಾಳೆಗಿಂತ ಮರ ನಿಂತ ವರ್ಷಕ್ಕೆ ಸಿಗುವ 50 ರೂಪಾಯಿ ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ. ನಿಮ್ಮ ಕಡೆ ಹೊಲದ ಬದುವಿನಲ್ಲಿ ಹೊಂಗೆ, ಬೇವು, ಹುಣಸೆ ಇರೋದನ್ನು ಎಣಿಸಿ ನೋಡಿ. ಎಲ್ಲ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ 2002ರ ಕಾಯ್ದೆಯೇ ಹೇಳುತ್ತದೆ. ನಿಮ್ಮಲ್ಲಿ ಕಾಗದದ ಮೇಲಾದರೂ ಇದ್ದೇ ಇರುತ್ತದೆ. ಆ ಸಮಿತಿಯನ್ನು ಎಬ್ಬಿಸಿ.

ಮತ್ತೆ, ನೀಲಗಿರಿ ಹೊಸದಾಗಿ ನೆಡಬಾರದು ಅಂತ 2017ರಲ್ಲೇ ಸರ್ಕಾರಿ ಆದೇಶ ಆಗಿದೆ. ಸಾಮಾಜಿಕ ಅರಣ್ಯ ಅಂದುಕೊಂಡು ಯಾರಾದರೂ ಅದನ್ನೇ ತಂದರೆ ಒಪ್ಪಬೇಡಿ.

ಕಾರ್ಕಳದ ಮಳೆ

ಕಸದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೇ ಬಂದೆ. ಹಸಿ ಕಸ ರಾಶಿ ಬಿದ್ದು ಗಾಳಿ ಆಡದೆ ಕೊಳೆತರೆ ಮೀಥೇನ್ ಬರುತ್ತದೆ. 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. ಅದೇ ಕಸ ಮನೆಯ ಹಿತ್ತಲಲ್ಲಿ ಗಾಳಿಯಾಡುವ ಗುಂಡಿಯಲ್ಲಿ ಗೊಬ್ಬರವಾದರೆ ಈ ತಾಪತ್ರಯ ಇಲ್ಲ. ಹಳ್ಳಿಯಲ್ಲಿ ಇದು ಅಜ್ಜಿಯಂದಿರಿಗೆ ಗೊತ್ತಿದ್ದ ಕೆಲಸವೇ.

ಒಣ ಕಸ ಮಾತ್ರ ಒಂದೇ ಪಂಚಾಯಿತಿಯಿಂದ ಆಗದ ಮಾತು. ನಮ್ಮ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಹತ್ತಾರು ಪಂಚಾಯಿತಿಗಳ ಒಣ ಕಸ ಒಂದೇ ಕಡೆ ಬರುತ್ತದೆ. ದಿನಕ್ಕೆ 10 ಟನ್ ಬೇರ್ಪಡಿಸುವ ಘಟಕ ಅದು. ಪ್ರಮಾಣ ಜಾಸ್ತಿ ಇದ್ದರೆ ಮಾತ್ರ ಕೊಳ್ಳುವವರು ಒಳ್ಳೆ ರೇಟು ಕೊಡುತ್ತಾರೆ. ರಾಜ್ಯದ ಎಷ್ಟೋ ಕಡೆ ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿ ಓಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ಯಾವ ಮನೆಯವರು ಪ್ಲಾಸ್ಟಿಕ್ ಸುಡುತ್ತಾರೆ, ಯಾರ ಮನೆಯ ನಲ್ಲಿ ಸೋರುತ್ತಿದೆ, ಇವೆಲ್ಲ ಪಂಚಾಯಿತಿಗಿಂತ ಮೊದಲು ಅವರಿಗೆ ಗೊತ್ತು. ಮುಂದೆ ನಿಲ್ಲೋದು ಯಾರು ಅಂತ ಕೇಳಿದ್ದೀರಲ್ಲ, ಅವರನ್ನು ಸಮಿತಿಯಲ್ಲಿ ಕೂರಿಸಿ. ಅವರ ಸಂಬಳ ಮಾತ್ರ ಬಾಕಿ ಉಳಿಸಬೇಡಿ.

ಬಯಲುಸೀಮೆಯವಳು

ಎಲ್ಲರಿಗೂ ಧನ್ಯವಾದ. ವಾಟರ್‌ಮನ್ ಜೊತೆ ಊರು ಸುತ್ತಿ ಮೀಟರ್ ಪಟ್ಟಿ ಮಾಡಿಸಿದೆ. ಬತ್ತಿದ ಬೋರ್‌ಗಳ ಮೀಟರ್ ನಿಜವಾಗಲೂ ಸಿಕ್ಕವು. ಒಂದು ಕಡೆ ವಾಲ್ವ್ ಕೆಟ್ಟು ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿದು, ಪಕ್ಕದಲ್ಲಿ ಜೊಂಡು ಬೆಳೆದಿತ್ತು. ಅಲ್ಲಿಗೆ ದನ ಬಿಡುವವರು ವಾಲ್ವ್ ರಿಪೇರಿ ಬೇಡ ಅಂದರು. ಅವರ ಮಾತಲ್ಲೂ ನ್ಯಾಯ ಇದೆ, ದನಕ್ಕೆ ಬೇರೆ ನೀರಿನ ತೊಟ್ಟಿ ಇಲ್ಲ. ವಾಲ್ವ್ ಮತ್ತು ತೊಟ್ಟಿ ಎರಡೂ ಒಟ್ಟಿಗೆ ಆಗಬೇಕು ಅಂತ ಮಾತಾಡಿದ್ದೇವೆ.

ಮುಂದಿನ ಸಭೆಗೆ ಠರಾವು ತರಬೇಕು. ಹೇಗೆ ಬರೆಯಬೇಕು? ಖಾತೆ ಕಿರ್ದಿ ಅವರು ಹೇಳಿಕೊಟ್ಟರೆ ಉಪಕಾರ.

ಖಾತೆ ಕಿರ್ದಿ

ಠರಾವು ಚಿಕ್ಕದಾಗಿರಲಿ. ಹೊಣೆ, ದಿನಾಂಕ, ದುಡ್ಡು ಮೂರೂ ಇರಲಿ. ಇದನ್ನು ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ:

"ಪಂಚಾಯಿತಿಯ ಎಲ್ಲಾ ನೀರಿನ ಪಂಪು ಮತ್ತು ಬೀದಿದೀಪದ ಮೀಟರ್‌ಗಳ ಪಟ್ಟಿಯನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಸಾಮಾನ್ಯ ಸಭೆಯ ಮುಂದೆ ಇಡುವುದು. ಬತ್ತಿದ ಬೋರ್‌ವೆಲ್‌ಗಳ ಸಂಪರ್ಕ ರದ್ದುಪಡಿಸುವುದು. ಇದರಿಂದ ಉಳಿತಾಯವಾದ ಹಣವನ್ನು ಸೋರಿಕೆ ರಿಪೇರಿ, ದನದ ತೊಟ್ಟಿ ಮತ್ತು ಪೋಷಕ ಕಾಲುವೆ ಕೆಲಸಕ್ಕೆ ಬಳಸುವುದು. ಈ ಕೆಲಸದ ಹೊಣೆಯನ್ನು ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿ ಜಂಟಿಯಾಗಿ ಹೊರುವುದು. ಸ್ವಸಹಾಯ ಸಂಘದ ಒಕ್ಕೂಟದ ಇಬ್ಬರು ಪ್ರತಿನಿಧಿಗಳು ಪರಿಶೀಲನೆ ಮಾಡಿ ಗ್ರಾಮ ಸಭೆಗೆ ವರದಿ ಕೊಡುವುದು."

ಹುದ್ದೆಯ ಹೆಸರು ಹಾಕಿ, ವ್ಯಕ್ತಿಯ ಹೆಸರು ಬೇಡ. ಅಧ್ಯಕ್ಷರು ಬದಲಾದರೂ ಹೊಣೆ ಕುರ್ಚಿಯ ಜೊತೆಗೇ ಉಳಿಯುತ್ತದೆ. ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಆದ ಮೇಲೆ ದೃಢೀಕೃತ ನಕಲು ಪಡೆದುಕೊಳ್ಳಿ.

ಕಲಬುರಗಿ ಬಿಸಿಲು

ಒಂದು ಸಾಲು ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ: "ಪ್ರತಿ ವರ್ಷ ಫೆಬ್ರುವರಿ ಮುಗಿಯುವುದರೊಳಗೆ ಎಲ್ಲಾ ಅಂಗನವಾಡಿ ಮತ್ತು ಶಾಲೆಗಳ ಸೂರಿಗೆ ಬಿಳಿ ಸುಣ್ಣ ಬಳಿಯುವುದು." ಸೂರನ್ನು ಗುಡಿಸಿ ತೊಳೆದು, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೋಟ್ ಹೊಡೆದರೆ ಸಾಕು. ಇಂಥ ಬಿಳಿ ಸೂರಿನಿಂದ ಒಳಗಿನ ಬಿಸಿ 2ರಿಂದ 5 ಡಿಗ್ರಿವರೆಗೆ ಇಳಿಯುತ್ತದೆ. ಮಳೆಗೆ ತೊಳೆದುಹೋಗುತ್ತದೆ, ಅದಕ್ಕೇ ಪ್ರತಿ ವರ್ಷ ಅಂತ ಬರೆದಿದ್ದು. ತಗಡಿಗೆ ಸುಣ್ಣ ಸರಿಯಾಗಿ ಕೂರಲ್ಲ, ಅಲ್ಲಿಗೆ ಬಿಸಿಲು ತಡೆಯುವ ಬಿಳಿ ಪೇಂಟ್ ತರಿಸಿ.